ಊಟ ಬಿಡಿಸುವ ಕಾಯಿಲೆ

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಊಟ ಬಲ್ಲವನೆಂದರೆ ತನ್ನ ದೇಹಕ್ಕೆ ಬೇಕಾದುದನ್ನು ಬೇಕಾದಷ್ಟು ಉಣ್ಣುವವನು. ಹೆಚ್ಚು ತಿಂದರೆ ಬರುವ ಕೇಡುಗಳ ವಿಷಯ ಪತ್ರಿಕೆಗಳಲ್ಲಿ ಬೇಕಾದಷ್ಟು ಬರುತ್ತದೆ. ಬಡತನದಿಂದ ಅನ್ನ ಸಿಗದವರ ಕಷ್ಟವೂ ನಮಗೆ ತಿಳಿದದ್ದೇ. ಆದರೆ ಮನೆಯಲ್ಲಿ ಅನ್ನವಿದ್ದೂ, ಹೊಟ್ಟೆಯಲ್ಲಿ ಹಸಿವಿದ್ದೂ, ಬಡಿಸುವ ತಾಯಿ ಎದುರಿಗೇ ನಿಂತಿದ್ದರೂ ಉಣ್ಣಲಾರದ ಮಕ್ಕಳಿದ್ದಾರೆ ಎಂದರೆ ಹಲವರಿಗೆ ನಂಬುವುದು ಕಷ್ಟ. ಇದೂ ಒಂದು ಕಾಯಿಲೆ. ವೈದ್ಯರು ಇದನ್ನು 'ಅನೊರೆಕ್ಸಿಯಾ ನರ್ವೋಸಾ' ಎಂದು ಕರೆಯುತ್ತಾರೆ.

ಈ ಕಾಯಿಲೆ ಹೆಚ್ಚಾಗಿ ತಲೆದೋರುವುದು ಹದಿಹರೆಯದಲ್ಲಿ, ಅಂದರೆ ನಮ್ಮ ಹೈಸ್ಕೂಲಿನ ಮಕ್ಕಳ ವಯಸ್ಸಿನಲ್ಲಿ. ಹುಡುಗಿಯರಲ್ಲಿ ಹೆಚ್ಚು, ಹುಡುಗರಿಗೆ ಬರುವುದಿಲ್ಲವೆಂದಲ್ಲ. ಇದು ಪರದೇಶದ ಶ್ರೀಮಂತರ ಕಾಯಿಲೆ, ನಮಗೇಕೆ ಅದರ ಗೊಡವೆ ಎಂದು ಕೆಲವರು ಕೇಳಬಹುದು. 2025ರಲ್ಲಿ ನಮ್ಮ ಕೇರಳದಲ್ಲಿಯೇ ಒಬ್ಬ ತರುಣಿ ಹೀಗೆ ಊಟ ಬಿಟ್ಟು ತೀರಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಆದುದರಿಂದ ಈ ವಿಷಯವನ್ನು ಮಕ್ಕಳೂ ಅವರ ತಂದೆತಾಯಿಯರೂ ಒಟ್ಟಿಗೆ ಕುಳಿತು ಓದಲೆಂದು ಇಲ್ಲಿ ವಿವರಿಸುತ್ತಿದ್ದೇವೆ.

ಹೆಸರಿನ ಅರ್ಥ

'ಅನೊರೆಕ್ಸಿಯಾ' ಎಂಬುದು ಗ್ರೀಕ್ ಮೂಲದ ಮಾತು. ಹಸಿವಿಲ್ಲದಿರುವುದು, ಊಟದ ಇಚ್ಛೆ ಇಲ್ಲದಿರುವುದು ಎಂದು ಅದರ ಅರ್ಥ. ಜ್ವರ ಬಂದಾಗ, ಕಾಮಾಲೆಯಾದಾಗ ನಾಲಗೆಗೆ ಏನೂ ರುಚಿಸುವುದಿಲ್ಲ. ನಮ್ಮ ಆಯುರ್ವೇದದಲ್ಲಿ ಇದಕ್ಕೆ ಅರುಚಿ ಎಂದು ಹೆಸರು. ಅದು ಮೂಲರೋಗ ವಾಸಿಯಾದೊಡನೆ ತಾನಾಗಿ ಹೋಗುತ್ತದೆ.

ನಾವು ಇಲ್ಲಿ ಹೇಳುವ ಕಾಯಿಲೆ ಹಾಗಲ್ಲ. ಇದರಲ್ಲಿ ಹಸಿವು ಇದ್ದೇ ಇರುತ್ತದೆ, ಕೆಲವೊಮ್ಮೆ ಬಹಳವಾಗಿಯೇ ಇರುತ್ತದೆ. ಆದರೆ ಉಂಡರೆ ದಪ್ಪಗಾಗುತ್ತೇನೆ ಎಂಬ ಭಯ ಹಸಿವಿಗಿಂತ ದೊಡ್ಡದಾಗಿ ಬೆಳೆದಿರುತ್ತದೆ. ಕಾಯಿಲೆಯಾದವರು ಹಗಲು ರಾತ್ರಿ ಹಸಿವಿನೊಡನೆ ಹೋರಾಡುತ್ತಿರುತ್ತಾರೆ. ಹೆಸರು ಒಂದನ್ನು ಹೇಳಿದರೆ ಕಾಯಿಲೆ ಇನ್ನೊಂದನ್ನು ಮಾಡುತ್ತದೆ. ಈ ಮಾತನ್ನು ಓದುಗರು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಉಪವಾಸಕ್ಕೂ ಇದಕ್ಕೂ ಏನು ಭೇದ?

ನಮ್ಮ ಮನೆಗಳಲ್ಲಿ ಏಕಾದಶಿಗೆ ಉಪವಾಸವಿರುತ್ತಾರೆ. ಮುಸ್ಲಿಂ ಬಾಂಧವರು ರಂಜಾನ್ ತಿಂಗಳಲ್ಲಿ ಹಗಲೆಲ್ಲ ವ್ರತ ಹಿಡಿಯುತ್ತಾರೆ. ಕ್ರೈಸ್ತರಲ್ಲಿಯೂ ಈಸ್ಟರ್ ಹಬ್ಬಕ್ಕೆ ಮುಂಚೆ ಉಪವಾಸದ ದಿನಗಳಿವೆ. ಇವು ಯಾವುವೂ ಕಾಯಿಲೆಯಲ್ಲ. ವ್ರತಕ್ಕೆ ಒಂದು ಕೊನೆಯಿದೆ. ದ್ವಾದಶಿಯ ಪಾರಣೆಗೆ, ಸಂಜೆಯ ಇಫ್ತಾರಿಗೆ ಮನೆಮಂದಿಯೆಲ್ಲ ಸಂತೋಷದಿಂದ ಕೂಡಿ ಉಣ್ಣುತ್ತಾರೆ. ವ್ರತ ಹಿಡಿದವನಿಗೆ ಅನ್ನದ ಮೇಲೆ ಗೌರವವಿರುತ್ತದೆ, ಭಯವಿರುವುದಿಲ್ಲ.

ಈ ಕಾಯಿಲೆಯಲ್ಲಾದರೋ ಪಾರಣೆಯೇ ಇಲ್ಲ. ಇವತ್ತು ಒಂದು ತುತ್ತು ಬಿಟ್ಟವಳಿಗೆ ನಾಳೆ ಎರಡು ತುತ್ತು ಬಿಡಬೇಕೆನ್ನಿಸುತ್ತದೆ. ಎಷ್ಟು ಸೊರಗಿದರೂ ಸಾಲದು. ಎಲ್ಲರೊಡನೆ ಕೂಡಿ ಉಣ್ಣುವ ಸುಖ ಹೋಗಿ, ಊಟದ ಹೊತ್ತೇ ಒಂದು ಪರೀಕ್ಷೆಯಾಗುತ್ತದೆ. ವ್ರತದ ನೆಪ ಮಾಡಿಕೊಂಡು ಒಂದು ಮಗು ವಾರವಾರವೂ ಉಪವಾಸದ ದಿನಗಳನ್ನು ಹೆಚ್ಚಿಸುತ್ತ ಹೋದರೆ, ಅದು ಭಕ್ತಿಯೋ ಭಯವೋ ಎಂದು ಹಿರಿಯರು ಸ್ವಲ್ಪ ನಿಂತು ನೋಡುವುದು ಒಳ್ಳೆಯದು.

ಹಿಂದಿನ ವೈದ್ಯರು ಕಂಡದ್ದು

ಇದು ಈಚೆಗೆ ಹುಟ್ಟಿದ ಕಾಯಿಲೆಯಲ್ಲ. 1689ರಲ್ಲಿ ರಿಚರ್ಡ್ ಮಾರ್ಟನ್ ಎಂಬ ಇಂಗ್ಲಿಷ್ ವೈದ್ಯ ಕ್ಷಯರೋಗದ ಮೇಲೆ ಬರೆದ ಗ್ರಂಥದಲ್ಲಿ ಇಬ್ಬರು ರೋಗಿಗಳ ಸಂಗತಿಯನ್ನು ಹೇಳಿದ್ದಾನೆ. ಒಬ್ಬಳು ಸುಮಾರು 18ರ ಹುಡುಗಿ, ಇನ್ನೊಬ್ಬ ಸುಮಾರು 16ರ ಹುಡುಗ. ಇಬ್ಬರಿಗೂ ಕ್ಷಯವಿರಲಿಲ್ಲ, ಆದರೂ ಕ್ಷಯರೋಗಿಗಳಂತೆ ಸೊರಗಿದ್ದರು. ಇದಕ್ಕೆ ಮನಸ್ಸಿನ ಚಿಂತೆಯೇ ಕಾರಣವೆಂದು ಮಾರ್ಟನ್ ಊಹಿಸಿದ. ಹುಡುಗ ಅತಿಯಾಗಿ ಓದಿ ಬಳಲಿದ್ದನಂತೆ. ಓದನ್ನು ಬಿಡಿಸಿ, ಹಳ್ಳಿಯ ಗಾಳಿಗೆ ಕಳುಹಿಸಿ, ಹಾಲು ಕುಡಿಸಿದ ಮೇಲೆ ಅವನು ಬಹುಮಟ್ಟಿಗೆ ಚೇತರಿಸಿಕೊಂಡ. ಹುಡುಗಿ ಔಷಧವನ್ನು ಒಲ್ಲೆನೆಂದಳು. ಕೆಲವು ತಿಂಗಳಲ್ಲಿ ತೀರಿಕೊಂಡಳು.

ಕಾಯಿಲೆಗೆ ಈಗಿನ ಹೆಸರನ್ನು ಇಟ್ಟವರು ಲಂಡನ್ನಿನ ವೈದ್ಯ ಸರ್ ವಿಲಿಯಂ ಗಲ್, 1873ರಲ್ಲಿ. ಅವರು ಕಂಡ ರೋಗಿಗಳ ನಾಡಿ ನಿಧಾನವಾಗಿತ್ತು, ಮೈ ತಣ್ಣಗಿತ್ತು, ತಿಂಗಳ ಮುಟ್ಟು ನಿಂತುಹೋಗಿತ್ತು. ಅಷ್ಟು ಬಡಕಲಾಗಿದ್ದರೂ ಆ ಹುಡುಗಿಯರು ಸುಮ್ಮನೆ ಕೂರದೆ ಸದಾ ಓಡಾಡುತ್ತಿದ್ದುದನ್ನು ಗಲ್ ಆಶ್ಚರ್ಯದಿಂದ ಬರೆದಿದ್ದಾರೆ. ಹೊತ್ತುಹೊತ್ತಿಗೆ ಆಹಾರ ಕೊಡುವುದು, ಮೈ ಬೆಚ್ಚಗಿಡುವುದು, ಇವೇ ಅವರ ಚಿಕಿತ್ಸೆ.

ಅದೇ ವರ್ಷ ಪ್ಯಾರಿಸ್ಸಿನ ಷಾರ್ಲ್ ಲಾಸೇಗ್ ಎಂಬ ವೈದ್ಯರೂ ಇದೇ ಕಾಯಿಲೆಯ ಬಗ್ಗೆ ಬರೆದರು. ಅವರು ರೋಗಿಯ ಜೊತೆಗೆ ಮನೆಯವರನ್ನೂ ಚೆನ್ನಾಗಿ ಗಮನಿಸಿದ್ದರು. ಮನೆಯವರಿಗೆ ಗೊತ್ತಿರುವುದು ಎರಡೇ ಉಪಾಯ: ಮೊದಲು ಬೇಡಿಕೊಳ್ಳುವುದು, ಆಮೇಲೆ ಬೆದರಿಸುವುದು, ಎರಡೂ ಫಲಿಸುವುದಿಲ್ಲ ಎಂದು ಅವರು ಹೇಳಿದರು. ಒಂದೂವರೆ ಶತಮಾನ ಕಳೆದರೂ ಈ ಮಾತು ಹಳೆಯದಾಗಿಲ್ಲ. 'ನನ್ನ ಚಿನ್ನ, ಒಂದು ತುತ್ತು ತಿನ್ನು ಮಗಳೇ' ಎಂದು ಕಣ್ಣೀರಿಡುವ ಅಮ್ಮ, 'ತಿನ್ನದಿದ್ದರೆ ನಾಳೆಯಿಂದ ಶಾಲೆಗೆ ಹೋಗಬೇಡ' ಎಂದು ಗದರುವ ಅಪ್ಪ, ಇಬ್ಬರೂ ಸೋಲುತ್ತಾರೆ. ಏಕೆ ಸೋಲುತ್ತಾರೆ ಎಂಬುದನ್ನು ತಿಳಿಯಬೇಕಾದರೆ ಹಸಿವು ದೇಹಕ್ಕೂ ಮನಸ್ಸಿಗೂ ಏನು ಮಾಡುತ್ತದೆ ಎಂದು ನೋಡಬೇಕು.

ದೇಹಕ್ಕೆ ಆಗುವ ಹಾನಿ

ದೇಹವನ್ನು ಒಂದು ಕೃಷಿಕರ ಮನೆಗೆ ಹೋಲಿಸೋಣ. ಒಂದು ವರ್ಷ ಬೆಳೆ ಕೈಕೊಟ್ಟಿತು. ಮನೆಯ ಯಜಮಾನ ಏನು ಮಾಡುತ್ತಾನೆ? ಮೊದಲು ಪತ್ತಾಯದಲ್ಲಿ ಕೂಡಿಟ್ಟ ಭತ್ತವನ್ನು ತೆಗೆಯುತ್ತಾನೆ. ಜೊತೆಗೆ ಖರ್ಚು ಕಡಿಮೆ ಮಾಡುತ್ತಾನೆ: ಗೋಡೆಗೆ ಸುಣ್ಣ ಬಳಿಸುವುದು ಮುಂದಿನ ವರ್ಷಕ್ಕಾಯಿತು, ಮದುವೆ ಮುಂಜಿ ಮುಂದಕ್ಕೆ ಹೋಯಿತು. ಭತ್ತವೂ ಮುಗಿದ ಮೇಲೆ ಪಾತ್ರೆ ಪರಡಿ ಮಾರುತ್ತಾನೆ. ಕಡೆಗೆ ಒಲೆಗೆ ಸೌದೆಯಿಲ್ಲದೆ ಮನೆಯ ಜಂತಿಯನ್ನೇ ಕಿತ್ತು ಉರಿಸುವ ಗತಿ ಬರುತ್ತದೆ. ಆಗ ಒಲೆ ಉರಿಯುತ್ತದೆ ನಿಜ. ಮನೆ ಮಾತ್ರ ತಲೆಯ ಮೇಲೆ ಕುಸಿಯುತ್ತದೆ.

ದೇಹವೂ ಹೀಗೆಯೇ ಮಾಡುತ್ತದೆ. ಆಹಾರ ಬರುವುದು ಕಡಿಮೆಯಾದಾಗ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಒಂದೆರಡು ದಿನದಲ್ಲಿಯೇ ಮುಗಿಯುತ್ತದೆ. ಆಮೇಲೆ ಕೊಬ್ಬು ಕರಗುತ್ತದೆ, ಅದರೊಡನೆ ಮಾಂಸಖಂಡವೂ ಕರಗುತ್ತದೆ. ಹೃದಯವೂ ಒಂದು ಮಾಂಸಖಂಡವೇ ಎಂಬುದನ್ನು ನಾವು ಮರೆಯುತ್ತೇವೆ. ಕೈಕಾಲು ಸೊರಗಿದಂತೆ ಹೃದಯದ ಗೋಡೆಯೂ ತೆಳುವಾಗುತ್ತದೆ. ನಾಡಿ ನಿಧಾನವಾಗುತ್ತದೆ, ರಕ್ತದ ಒತ್ತಡ ಇಳಿಯುತ್ತದೆ. ಕುಳಿತಲ್ಲಿಂದ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಮುಂತಾದ ಲವಣಗಳು ಏರುಪೇರಾದರೆ ಹೃದಯದ ಬಡಿತ ತಾಳ ತಪ್ಪುತ್ತದೆ. ಈ ಕಾಯಿಲೆಯಲ್ಲಿ ಹಠಾತ್ತಾಗಿ ಸಂಭವಿಸುವ ಸಾವುಗಳಿಗೆ ಇದೊಂದು ಮುಖ್ಯ ಕಾರಣ. ಲೋಕಪ್ರಸಿದ್ಧಿ ಪಡೆದ ಅಮೆರಿಕದ ಗಾಯಕಿ ಕ್ಯಾರನ್ ಕಾರ್ಪೆಂಟರ್ 1983ರ ಫೆಬ್ರವರಿ 4ರಂದು, ಕೇವಲ 32ನೆಯ ವಯಸ್ಸಿನಲ್ಲಿ, ಈ ಕಾಯಿಲೆಯಿಂದ ಹೃದಯ ಸೋತು ತೀರಿಕೊಂಡರು. ಅವರ ಮರಣದ ನಂತರವೇ ಜನಸಾಮಾನ್ಯರಲ್ಲಿ ಅನೇಕರು ಈ ಕಾಯಿಲೆಯ ಹೆಸರನ್ನು ಕೇಳಿದ್ದು.

ಸುಣ್ಣ ಬಳಿಸುವುದನ್ನು ಮುಂದಕ್ಕೆ ಹಾಕುವ ಯಜಮಾನನಂತೆ ದೇಹವೂ ತುರ್ತಿಲ್ಲದ ಖರ್ಚುಗಳನ್ನು ನಿಲ್ಲಿಸುತ್ತದೆ. ಮೈ ಬೆಚ್ಚಗಿಡುವ ಖರ್ಚು ಕಡಿಮೆಯಾಗಿ, ಸೆಕೆಗಾಲದಲ್ಲಿಯೂ ಕೈಕಾಲು ತಣ್ಣಗಿರುತ್ತದೆ. ತಲೆಗೂದಲು ಉದುರುತ್ತದೆ. ಚರ್ಮ ಒಣಗುತ್ತದೆ. ಇನ್ನೊಂದು ಕಡೆ ಬೆನ್ನು, ತೋಳುಗಳ ಮೇಲೆ ಎಳೆಗೂಸಿನ ಮೈಮೇಲಿರುವಂತಹ ನವಿರಾದ ಕೂದಲು ಬೆಳೆಯುವುದುಂಟು. ರಕ್ತ ಕಡಿಮೆಯಾಗುತ್ತದೆ.

ಹುಡುಗಿಯರಲ್ಲಿ ಮುಟ್ಟು ನಿಲ್ಲುತ್ತದೆ, ಅಥವಾ ಶುರುವಾಗಬೇಕಾದ ವಯಸ್ಸಿನಲ್ಲಿ ಶುರುವಾಗುವುದಿಲ್ಲ. ಇದನ್ನು ನಾಚಿಕೆಯಿಂದ ಮುಚ್ಚಿಡಬಾರದು. ದೇಹ ಅಪಾಯದಲ್ಲಿದೆ ಎಂದು ಹೇಳುವ ಮುಖ್ಯವಾದ ಸೂಚನೆ ಅದು. ಮುಟ್ಟನ್ನು ನಡೆಸುವ ಈಸ್ಟ್ರೊಜನ್ ಎಂಬ ರಸದೂತವೇ ಎಲುಬನ್ನೂ ಕಾಯುತ್ತದೆ. ಮನುಷ್ಯನ ಎಲುಬು ಗಟ್ಟಿಯಾಗುವ ಕೆಲಸದಲ್ಲಿ ದೊಡ್ಡ ಪಾಲು ನಡೆಯುವುದು ಹದಿಹರೆಯದಲ್ಲಿ. ಆ ವರ್ಷಗಳಲ್ಲಿ ಕೂಡಿಡಬೇಕಾದ ಸುಣ್ಣದ ಅಂಶವನ್ನು ಕೂಡಿಡದಿದ್ದರೆ ಮುಂದೆ ಪೂರ್ತಿಯಾಗಿ ತುಂಬಿಕೊಳ್ಳುವುದು ಕಷ್ಟ. ಮುದುಕಿಯರಿಗೆ ಬರುವ ಎಲುಬಿನ ಟೊಳ್ಳು ಇಪ್ಪತ್ತರ ಹುಡುಗಿಗೆ ಬರುತ್ತದೆ. ಬೆಳೆಯುವ ವಯಸ್ಸಾದುದರಿಂದ ಎತ್ತರವೂ ಕುಂಠಿತವಾಗಬಹುದು. ಕೂದಲು ಮತ್ತೆ ಬೆಳೆಯುತ್ತದೆ, ನಾಡಿ ಮತ್ತೆ ಸರಿಹೋಗುತ್ತದೆ. ಎಲುಬಿನ ನಷ್ಟ ಮಾತ್ರ ಜೀವಮಾನವಿಡೀ ಉಳಿಯಬಹುದು.

ಹೊಟ್ಟೆಯ ಸಂಗತಿಯನ್ನು ಪೋಷಕರು ವಿಶೇಷವಾಗಿ ತಿಳಿದಿರಬೇಕು. ಬಹಳ ದಿನ ಕಡಿಮೆ ಉಂಡವರ ಜಠರ ನಿಧಾನವಾಗಿ ಕೆಲಸ ಮಾಡುತ್ತದೆ. ಎರಡು ತುತ್ತು ಉಂಡರೂ ಹೊಟ್ಟೆ ಉಬ್ಬರಿಸುತ್ತದೆ, ಮಲಬದ್ಧತೆಯಾಗುತ್ತದೆ. 'ಹೊಟ್ಟೆ ತುಂಬಿದೆ, ಬೇಡ' ಎಂದು ಮಗು ಹೇಳಿದಾಗ ಅದು ಸುಳ್ಳು ಹೇಳುತ್ತಿರುವುದಿಲ್ಲ. ನಿಜವಾಗಿಯೂ ಹಾಗೆ ಅನ್ನಿಸುತ್ತದೆ. ಸ್ವಲ್ಪಸ್ವಲ್ಪವಾಗಿ ಊಟ ಹೆಚ್ಚಿದಂತೆಲ್ಲ ಜಠರ ಮತ್ತೆ ತನ್ನ ಕೆಲಸಕ್ಕೆ ಹೊಂದಿಕೊಳ್ಳುತ್ತದೆ.

ಮನಸ್ಸಿಗೆ ಆಗುವ ಹಾನಿ

ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ನಾವು ಸುಮ್ಮನೆ ವಿಶ್ರಾಂತಿಯಲ್ಲಿರುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಅದೊಂದೇ ಬಳಸುತ್ತದೆ. ಹೀಗಿರುವಾಗ ಊಟ ಬಿಟ್ಟರೆ ಮಿದುಳಿಗೆ ಏಟು ಬೀಳದಿರುತ್ತದೆಯೇ? ಈ ಪ್ರಶ್ನೆಗೆ ಉತ್ತರ ಒಂದು ದೊಡ್ಡ ಪ್ರಯೋಗದಿಂದ ದೊರಕಿತು.

ಎರಡನೆಯ ಮಹಾಯುದ್ಧ ಮುಗಿಯುತ್ತ ಬಂದಿದ್ದ ಕಾಲ. ಯೂರೋಪಿನಲ್ಲಿ ಲಕ್ಷಾಂತರ ಜನ ಹಸಿವಿನಿಂದ ಬಳಲುತ್ತಿದ್ದರು. ಅವರಿಗೆ ಹೇಗೆ ಉಣಿಸಿ ಉಳಿಸಬೇಕೆಂದು ತಿಳಿಯಲು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ವಿಜ್ಞಾನಿ ಆನ್ಸೆಲ್ ಕೀಸ್ 1944ರ ಕೊನೆಯಲ್ಲಿ ಒಂದು ಪ್ರಯೋಗವನ್ನು ಕೈಗೊಂಡರು. ಯುದ್ಧದಲ್ಲಿ ಕೊಲ್ಲುವುದು ತಮ್ಮ ಧರ್ಮಕ್ಕೆ ವಿರುದ್ಧವೆಂದು ಸೈನ್ಯ ಸೇರಲು ಒಪ್ಪದಿದ್ದ 36 ಮಂದಿ ತರುಣರು ತಾವಾಗಿ ಮುಂದೆ ಬಂದರು. ಎಲ್ಲರೂ ದೇಹದಲ್ಲಿಯೂ ಮನಸ್ಸಿನಲ್ಲಿಯೂ ಗಟ್ಟಿಯಾಗಿದ್ದಾರೆಂದು ಪರೀಕ್ಷಿಸಿಯೇ ಆರಿಸಿದ್ದರು. ಮೂರು ತಿಂಗಳು ಸಾಮಾನ್ಯ ಊಟ ಕೊಟ್ಟು, 1945ರ ಫೆಬ್ರವರಿಯಿಂದ ಆರು ತಿಂಗಳು ಸುಮಾರು ಅರ್ಧ ಊಟ ಕೊಟ್ಟರು. ಬ್ರೆಡ್ಡು, ಆಲೂಗಡ್ಡೆ, ಎಲೆಕೋಸು ಇಂತಹವೇ ಆಹಾರ. ಕೊನೆಯ ಮೂರು ತಿಂಗಳು ಊಟವನ್ನು ಮತ್ತೆ ಹೆಚ್ಚಿಸಿದರು.

ಆ ತರುಣರು ಸೊರಗಿದರು, ಅವರಿಗೆ ಚಳಿಯಾಯಿತು, ನಾಡಿ ನಿಧಾನವಾಯಿತು. ಇದೆಲ್ಲ ನಿರೀಕ್ಷಿಸಿದ್ದೇ. ಅವರ ಮನಸ್ಸು ಬದಲಾದ ರೀತಿ ಮಾತ್ರ ನೋಡಿದವರನ್ನು ಬೆರಗುಗೊಳಿಸಿತು. ನಗುನಗುತ್ತ ಇದ್ದವರು ಸಿಡುಕರಾದರು. ಸ್ನೇಹಿತರ ಕೂಟ ಬೇಡವಾಯಿತು. ಓದಲು ಕುಳಿತರೆ ಗಮನ ನಿಲ್ಲುತ್ತಿರಲಿಲ್ಲ. ಹಗಲೆಲ್ಲ ಊಟದ್ದೇ ಯೋಚನೆ, ರಾತ್ರಿ ಊಟದ್ದೇ ಕನಸು. ಅಡಿಗೆಯ ಕಡೆ ಎಂದೂ ತಲೆಹಾಕದಿದ್ದವರು ಪಾಕಪುಸ್ತಕಗಳನ್ನು ಕೂಡಿಸತೊಡಗಿದರು. ತಟ್ಟೆಯಲ್ಲಿದ್ದುದನ್ನು ಸಣ್ಣಸಣ್ಣ ಚೂರು ಮಾಡಿ, ಕಲಸಿ, ಬಹಳ ಹೊತ್ತು ಎಳೆದು ತಿನ್ನತೊಡಗಿದರು. ಕೆಲವರಿಗೆ ತೀವ್ರವಾದ ಖಿನ್ನತೆ ಬಂತು.

ಅನೊರೆಕ್ಸಿಯಾ ಆದ ಮಕ್ಕಳಲ್ಲಿ ಮನೆಯವರು ಕಾಣುವುದು ಇವೇ ಗುಣಗಳನ್ನು! ಮನೆಯವರಿಗೆಲ್ಲ ಪ್ರೀತಿಯಿಂದ ದೋಸೆ ಹೊಯ್ದು ಬಡಿಸುವ ಹುಡುಗಿ ತಾನು ಮುಟ್ಟುವುದಿಲ್ಲ. ಎಲ್ಲರೂ ಕೈತೊಳೆದೆದ್ದರೂ ಅವಳ ತಟ್ಟೆಯಲ್ಲಿ ಗಂಜಿ ಹಾಗೆಯೇ ಇರುತ್ತದೆ. ತಮ್ಮ ತಂಗಿಯರ ಮೇಲೆ ರೇಗುತ್ತಾಳೆ. ಗೆಳತಿಯರು ಕರೆದರೆ ಹೋಗುವುದಿಲ್ಲ. 'ಇವಳ ಸ್ವಭಾವವೇ ಹೀಗಾಯಿತು' ಎಂದು ಮನೆಯವರು ನೊಂದುಕೊಳ್ಳುತ್ತಾರೆ. ಆದರೆ ಗಟ್ಟಿಮನಸ್ಸಿನ 36 ಮಂದಿ ಗಂಡಸರಿಗೆ ಬರಿಯ ಹಸಿವೇ ಇದನ್ನೆಲ್ಲ ಮಾಡಿತೆಂದ ಮೇಲೆ, ಹದಿನಾಲ್ಕರ ಮಗುವಿನ ಸ್ವಭಾವವನ್ನು ಹಳಿದು ಏನು ಫಲ? ಅದರಲ್ಲಿ ಬಹುಪಾಲು ಹಸಿದ ಮಿದುಳಿನ ಕೆಲಸ.

ಒಂದು ವ್ಯತ್ಯಾಸವನ್ನು ಮಾತ್ರ ಹೇಳಲೇಬೇಕು. ಪ್ರಯೋಗದ ತರುಣರು ಊಟ ಕೊಟ್ಟೊಡನೆ ಆಸೆಯಿಂದ ಉಂಡರು. ಅನೊರೆಕ್ಸಿಯಾ ಆದವರಿಗೆ ಊಟ ಕಂಡರೆ ಭಯ. ಅಲ್ಲದೆ ತಮ್ಮ ದೇಹವನ್ನು ಅವರು ಕಾಣುವ ರೀತಿಯೇ ಬೇರೆಯಾಗಿರುತ್ತದೆ. ಎಲುಬು ಎದ್ದು ಕಾಣುತ್ತಿದ್ದರೂ ಕನ್ನಡಿಯಲ್ಲಿ ತಾನು ದಪ್ಪಗಿದ್ದಂತೆಯೇ ತೋರುತ್ತದೆ. ಹೀಗೆ ಒಂದು ವಿಷಚಕ್ರ ಶುರುವಾಗುತ್ತದೆ. ಭಯದಿಂದ ಊಟ ಕಡಿಮೆಯಾಗುತ್ತದೆ, ಊಟ ಕಡಿಮೆಯಾದುದರಿಂದ ಮಿದುಳು ಬಳಲುತ್ತದೆ, ಬಳಲಿದ ಮಿದುಳಿನಲ್ಲಿ ಭಯ ಇನ್ನೂ ಬಲಿಯುತ್ತದೆ. ತೀವ್ರವಾಗಿ ಸೊರಗಿದವರ ಮಿದುಳಿನ ಚಿತ್ರ ತೆಗೆದು ನೋಡಿದಾಗ ಮಿದುಳು ಕುಗ್ಗಿರುವುದು ಕಂಡುಬಂದಿದೆ. ಸಮಾಧಾನದ ಮಾತೆಂದರೆ, ದೇಹಕ್ಕೆ ತೂಕ ಮರಳಿದಂತೆ ಅದೂ ಬಹುಮಟ್ಟಿಗೆ ಮರಳಿ ತುಂಬಿಕೊಳ್ಳುತ್ತದೆ.

ಬೇಡುವ ಅಮ್ಮನೂ ಗದರುವ ಅಪ್ಪನೂ ಸೋಲುವುದು ಈ ಕಾರಣಕ್ಕೆ. ಅವರು ಬುದ್ಧಿಮಾತು ಹೇಳುವುದು ಮಗುವಿಗೆ. ಅದನ್ನು ಕೇಳಬೇಕಾದ ಮಿದುಳು ಹಸಿದಿರುತ್ತದೆ. ಇದು ಹಟವಾಗಿದ್ದರೆ ಒಂದು ದಿನ ತಾನಾಗಿ ಇಳಿಯುತ್ತಿತ್ತು. ಕಾಯಿಲೆಯಾದುದರಿಂದ ಚಿಕಿತ್ಸೆ ಬೇಕು. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಸಾವು ತರುವವುಗಳಲ್ಲಿ ಇದೂ ಒಂದು. ಸಾವು ಕೆಲವೊಮ್ಮೆ ದೇಹ ಸೋತು ಬರುತ್ತದೆ, ಕೆಲವೊಮ್ಮೆ ಮನಸ್ಸು ಸೋತು ಬರುತ್ತದೆ.

ಏಕೆ ಬರುತ್ತದೆ?

ಒಂದೇ ಕಾರಣವನ್ನು ಬೆರಳು ಮಾಡಿ ತೋರಿಸಲಾಗದು. ಹುಟ್ಟಿನಿಂದ ಬಂದ ಗುಣಕ್ಕೆ ಇದರಲ್ಲಿ ಪಾಲಿದೆ. 2019ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಸುಮಾರು 17,000 ರೋಗಿಗಳ ವಂಶವಾಹಿಗಳನ್ನು ಪರೀಕ್ಷಿಸಿದರು. ಮನಸ್ಸಿಗೆ ಸಂಬಂಧಪಟ್ಟ ಅಂಶಗಳ ಜೊತೆಗೆ, ದೇಹವು ಆಹಾರವನ್ನು ಬಳಸುವ ರೀತಿಗೆ ಸಂಬಂಧಪಟ್ಟ ಅಂಶಗಳೂ ಈ ಕಾಯಿಲೆಯೊಡನೆ ಹೊಂದಿಕೊಂಡಿರುವುದು ಕಂಡುಬಂತು. ಎಲ್ಲದರಲ್ಲಿಯೂ ಅಚ್ಚುಕಟ್ಟಾಗಿರಬೇಕು, ತಪ್ಪೇ ಆಗಬಾರದು ಎನ್ನುವ ಮಕ್ಕಳು, ಸಣ್ಣ ಮಾತಿಗೂ ಒಳಗೊಳಗೇ ಕೊರಗುವ ಮಕ್ಕಳು ಹೆಚ್ಚಾಗಿ ಇದಕ್ಕೆ ಸಿಕ್ಕಿಬೀಳುತ್ತಾರೆ. ಬಹಳ ಸಲ ಅವರು ತರಗತಿಯಲ್ಲಿ ಚೆನ್ನಾಗಿ ಓದುವ ಮಕ್ಕಳೇ.

ಆ ಗುಣ ಒಣಗಿದ ಸೋಗೆಯಿದ್ದಂತೆ. ಕಿಡಿ ಬೀಳುವುದು ಹೊರಗಿನಿಂದ. 'ಡುಮ್ಮಿ' ಎಂದು ಯಾರೋ ಆಡಿದ ಮಾತು, ಮದುವೆಮನೆಯಲ್ಲಿ ನೆಂಟರೊಬ್ಬರು 'ಏನು, ಈ ಸಲ ಊದಿಕೊಂಡಿದ್ದೀ!' ಎಂದು ಮಾಡಿದ ತಮಾಷೆ, ಪರೀಕ್ಷೆಯ ಚಿಂತೆ, ಮನೆಯಲ್ಲಾದ ಒಂದು ಸಾವು, ಸಿನಿಮಾದಲ್ಲಿಯೂ ಮೊಬೈಲಿನಲ್ಲಿಯೂ ದಿನವೂ ಕಾಣುವ ಕಡ್ಡಿಯಂತಹ ಮೈಯ ಚಿತ್ರಗಳು, ಇವುಗಳಲ್ಲಿ ಯಾವುದೂ ಕಿಡಿಯಾಗಬಹುದು. ಸ್ವಲ್ಪ ತೂಕ ಇಳಿಸೋಣವೆಂದು ಶುರುಮಾಡಿದ ಪಥ್ಯ ಕೈಮೀರಿ ಹೋಗುತ್ತದೆ. ತಂದೆತಾಯಿಯರು ಇದಕ್ಕೆ ತಮ್ಮನ್ನು ತಾವೇ ಹಳಿದುಕೊಳ್ಳಬೇಕಾಗಿಲ್ಲ. ಕಾಯಿಲೆಯನ್ನು ತಂದವರು ಅವರಲ್ಲ. ವಾಸಿಮಾಡುವುದರಲ್ಲಿ ಮಾತ್ರ ಅವರ ಪಾಲು ಬಹಳ ದೊಡ್ಡದು.

ಗುರುತಿಸುವುದು ಹೇಗೆ?

ದಪ್ಪಗಾಗುವ ಭಯವನ್ನು ಎಲ್ಲ ಮಕ್ಕಳೂ ಬಾಯಿಬಿಟ್ಟು ಹೇಳುವುದಿಲ್ಲ. 1990ರ ದಶಕದಲ್ಲಿ ಹಾಂಗ್‌ಕಾಂಗಿನ ಮನೋವೈದ್ಯ ಸಿಂಗ್ ಲೀ ತಮ್ಮ ರೋಗಿಗಳಲ್ಲಿ ಹಲವರು ಹೊಟ್ಟೆ ಉಬ್ಬರ, ಹಸಿವಿಲ್ಲ ಎಂದಷ್ಟೇ ಹೇಳುತ್ತಿದ್ದುದನ್ನು ತೋರಿಸಿಕೊಟ್ಟರು. ಆದ್ದರಿಂದ ಮಾತಿಗಿಂತ ನಡೆಯನ್ನು ಗಮನಿಸಬೇಕು. ಕೆಳಗಿನ ಲಕ್ಷಣಗಳಲ್ಲಿ ಹಲವು ಒಟ್ಟಿಗೆ ಕೆಲವು ವಾರ ಕಂಡರೆ ತಡಮಾಡಬಾರದು.

1. ಬೆಳೆಯುವ ವಯಸ್ಸಿನಲ್ಲಿ ತೂಕ ಏರದಿರುವುದು ಅಥವಾ ಇಳಿಯುತ್ತಿರುವುದು.

2. ಎಲ್ಲರೊಡನೆ ಊಟಕ್ಕೆ ಕೂರದೆ ದಿನವೂ ಒಂದು ನೆಪ ಹೇಳುವುದು. ಮೊದಲು ಇಷ್ಟಪಡುತ್ತಿದ್ದ ತಿಂಡಿಗಳನ್ನು ಒಂದೊಂದಾಗಿ ಬಿಡುವುದು.

3. ಸದಾ ಚಳಿ ಎನ್ನುವುದು, ತಲೆ ತಿರುಗುವುದು, ಕೂದಲು ಉದುರುವುದು, ಮುಟ್ಟು ನಿಲ್ಲುವುದು.

4. ಮೈಯಲ್ಲಿ ಶಕ್ತಿಯಿಲ್ಲದಿದ್ದರೂ ವಿಶ್ರಾಂತಿ ತೆಗೆದುಕೊಳ್ಳದೆ ನಡೆಯುವುದು, ವ್ಯಾಯಾಮ ಮಾಡುವುದು.

5. ಸಿಡುಕು, ಅಳು, ಒಬ್ಬರೇ ಇರಬೇಕೆನ್ನುವುದು, ತೂಕದ ಮಾತನ್ನೇ ಆಡುವುದು.

ತೆಳ್ಳಗಿರುವ ಮಕ್ಕಳೆಲ್ಲರಿಗೂ ಈ ಕಾಯಿಲೆಯಿದೆ ಎಂದು ಯಾರೂ ಹೆದರಬೇಕಾಗಿಲ್ಲ. ಹುಳುವಿನ ಬಾಧೆ, ಕ್ಷಯ, ಥೈರಾಯ್ಡ್ ತೊಂದರೆ, ಸಕ್ಕರೆ ಕಾಯಿಲೆ ಇವುಗಳಿಂದಲೂ ಮಕ್ಕಳು ಸೊರಗುತ್ತಾರೆ. ಕಾರಣ ಯಾವುದೆಂದು ವೈದ್ಯರೇ ಪರೀಕ್ಷಿಸಿ ಹೇಳಬೇಕು. ಹಾಗೆಯೇ, ಮೊದಲು ದಪ್ಪಗಿದ್ದ ಮಗು ಬೇಗನೆ ಬಹಳ ಇಳಿದರೆ ನೋಡುವವರ ಕಣ್ಣಿಗೆ ಬಡಕಲಾಗಿ ಕಾಣದು, 'ಚೆನ್ನಾಗಿ ಇಳಿದಿದ್ದೀಯೆ' ಎಂದು ಹೊಗಳುವವರೇ ಹೆಚ್ಚು. ಆ ಮಗುವಿಗೂ ಅಪಾಯ ಅಷ್ಟೇ ಇರುತ್ತದೆ.

ಚಿಕಿತ್ಸೆ

ಮೊದಲನೆಯ ಔಷಧ ಅನ್ನವೇ. ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಬಹಳ ದಿನ ಹಸಿದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸಬಾರದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಬಿಡುಗಡೆಯಾದ ಹಸಿದ ಸೆರೆಯಾಳುಗಳಲ್ಲಿ ಕೆಲವರು ಊಟ ಸಿಕ್ಕಿದ ಮೇಲೆಯೇ ಸತ್ತರು. ಹಸಿದ ದೇಹಕ್ಕೆ ಒಮ್ಮೆಲೇ ಆಹಾರ ಬಂದಾಗ ರಕ್ತದಲ್ಲಿರುವ ಫಾಸ್ಫೇಟ್ ಮುಂತಾದ ಲವಣಗಳು ಜೀವಕೋಶಗಳ ಒಳಕ್ಕೆ ಸೆಳೆಯಲ್ಪಡುತ್ತವೆ. ರಕ್ತದಲ್ಲಿ ಅವು ತೀರ ಕಡಿಮೆಯಾಗಿ ಹೃದಯ ಸೋಲುತ್ತದೆ. ಆದುದರಿಂದ ಬಹಳ ಸೊರಗಿದವರನ್ನು ಆಸ್ಪತ್ರೆಯಲ್ಲಿಟ್ಟು, ರಕ್ತಪರೀಕ್ಷೆ ಮಾಡುತ್ತ, ಹಂತಹಂತವಾಗಿ ಉಣಿಸಬೇಕು.

ಅಷ್ಟು ವಿಷಮಿಸದ ಮಕ್ಕಳಿಗೆ ಮನೆಯಲ್ಲಿಯೇ, ವೈದ್ಯರ ಮಾರ್ಗದರ್ಶನದಲ್ಲಿ ಚಿಕಿತ್ಸೆ ನಡೆಯಬಹುದು. 1980ರ ದಶಕದಲ್ಲಿ ಲಂಡನ್ನಿನ ಮಾಡ್‌ಸ್ಲಿ ಆಸ್ಪತ್ರೆಯ ವೈದ್ಯರು ಮನೆಮಂದಿಯನ್ನೇ ಚಿಕಿತ್ಸೆಯಲ್ಲಿ ತೊಡಗಿಸುವ ಒಂದು ಕ್ರಮವನ್ನು ರೂಪಿಸಿದರು. 1987ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, 19 ವರ್ಷಕ್ಕೆ ಮುಂಚೆ ಕಾಯಿಲೆ ಶುರುವಾಗಿ ಮೂರು ವರ್ಷ ಮೀರದವರಿಗೆ ಈ ಕ್ರಮ ಹೆಚ್ಚು ಗುಣಕೊಟ್ಟಿತು. ಬೇಗನೆ ಗುರುತಿಸಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿಯೇ.

ಈ ಕ್ರಮದ ತಿರುಳು ಸರಳವಾಗಿದೆ. ಮಗು ಬೇರೆ, ಕಾಯಿಲೆ ಬೇರೆ ಎಂದು ಮನೆಯವರು ತಿಳಿಯಬೇಕು. ಏನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂಬ ನಿರ್ಧಾರವನ್ನು ಸದ್ಯಕ್ಕೆ ತಂದೆತಾಯಿಯರು ವಹಿಸಿಕೊಳ್ಳುತ್ತಾರೆ. ಬೇಡುವುದಿಲ್ಲ, ಬೆದರಿಸುವುದಿಲ್ಲ, ವಾದಿಸುವುದೂ ಇಲ್ಲ. ಜ್ವರದ ಮಗುವಿಗೆ ಹೊತ್ತಿಗೆ ಸರಿಯಾಗಿ ಔಷಧ ಕೊಡುವಂತೆ ಊಟವನ್ನೂ ಕೊಟ್ಟು, ಉಂಡು ಮುಗಿಸುವ ತನಕ ಪಕ್ಕದಲ್ಲಿ ತಾಳ್ಮೆಯಿಂದ ಕೂರುತ್ತಾರೆ. 'ನಿನಗೆ ಹೆದರಿಕೆಯಾಗುತ್ತಿದೆ, ಗೊತ್ತು. ನಾವಿದ್ದೇವೆ. ಇದನ್ನು ಉಣ್ಣು' ಎನ್ನುವ ಮೂರು ಮಾತು ಒಂದು ಗಂಟೆಯ ಉಪದೇಶಕ್ಕಿಂತ ಮೇಲು. ಅಜ್ಜಿ, ಅಕ್ಕ, ಚಿಕ್ಕಪ್ಪ ಎಲ್ಲರೂ ಒಂದೇ ಮಾತಿನಲ್ಲಿ ನಿಂತರೆ ಕೆಲಸ ಹಗುರವಾಗುತ್ತದೆ. ತೂಕ ಮರಳಿ ಮನಸ್ಸು ತಿಳಿಯಾದಂತೆ ಊಟದ ಹೊಣೆಯನ್ನು ನಿಧಾನವಾಗಿ ಮಗುವಿಗೇ ಬಿಟ್ಟುಕೊಡುತ್ತಾರೆ. ಜೊತೆಯಲ್ಲಿ ಮನೋವೈದ್ಯರ ಸಲಹೆಯೂ ನಡೆಯುತ್ತದೆ. ಗುಣವಾಗಲು ತಿಂಗಳುಗಳು, ಕೆಲವರಿಗೆ ವರ್ಷಗಳೇ ಬೇಕು. ಆದರೂ ಬಹುಪಾಲು ಮಂದಿ ಗುಣಹೊಂದಿ ಓದು, ಉದ್ಯೋಗ, ಸಂಸಾರ ಎಲ್ಲವನ್ನೂ ನಡೆಸುತ್ತಾರೆ.

ಮನೋವೈದ್ಯರಲ್ಲಿಗೆ ಹೋಗಲು ಸಂಕೋಚಪಡುವವರು ಮೊದಲು ಹತ್ತಿರದ ಸರಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣಬಹುದು. 2022ರಲ್ಲಿ ಭಾರತ ಸರಕಾರ ಆರಂಭಿಸಿದ 'ಟೆಲಿ ಮಾನಸ್' ಎಂಬ ದೂರವಾಣಿ ಸೇವೆಯಿದೆ. 14416 ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಕರೆಮಾಡಿದರೆ ಹಣ ಕೊಡದೆ ಸಲಹೆ ಪಡೆಯಬಹುದು. ಗಡಿನಾಡಿನ ನಮಗೆ ಅನುಕೂಲವೆಂದರೆ, ಅದು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಲಭ್ಯವಿದೆ.

ವಿದ್ಯಾರ್ಥಿಗಳಿಗೆ ಎರಡು ಮಾತು

ನಿಮ್ಮ ಗೆಳತಿಯೋ ಗೆಳೆಯನೋ ದಿನವೂ ಬುತ್ತಿ ಬಿಚ್ಚದೆ ಹಾಗೆಯೇ ಮನೆಗೆ ಒಯ್ಯುತ್ತಿದ್ದರೆ, ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿದರೆ, ಆ ಗುಟ್ಟನ್ನು ಕಾಯುವುದು ಸ್ನೇಹವಲ್ಲ. ನಿಮಗೆ ನಂಬಿಕೆಯಿರುವ ಒಬ್ಬ ಟೀಚರಿಗೆ ತಿಳಿಸಿರಿ. ಅದು ಚಾಡಿಯಾಗುವುದಿಲ್ಲ. ಬಾವಿಯ ಕಟ್ಟೆಯಿಂದ ಜಾರುತ್ತಿರುವವರನ್ನು ಕಂಡರೆ ಕೂಗಿ ಹೇಳುತ್ತೀರಲ್ಲವೇ? ಇದೂ ಹಾಗೆಯೇ.

ಯಾರ ಮೈಯನ್ನೂ ಕುರಿತು ಹಾಸ್ಯ ಮಾಡಬೇಡಿರಿ. ಕಡ್ಡಿ ಎನ್ನಬೇಡಿರಿ, ಡುಮ್ಮ ಎನ್ನಬೇಡಿರಿ. ಆಡಿದವನು ಸಂಜೆಯ ಗಂಟೆ ಬಾರಿಸುವ ಹೊತ್ತಿಗೆ ಮರೆತಿರುತ್ತಾನೆ. ಕೇಳಿಸಿಕೊಂಡವಳು ಅದನ್ನು ರಾತ್ರಿಯ ಊಟದ ತಟ್ಟೆಯ ಮುಂದೆ ನೆನೆಯುತ್ತಾಳೆ. ಗಾದೆಯಲ್ಲಿ ಊಟ ಬಲ್ಲವನ ಜೊತೆಗೇ ಮಾತು ಬಲ್ಲವನನ್ನೂ ಹೇಳಿದ್ದು ಸುಮ್ಮನಲ್ಲ.

ನಿಮಗೇ ಹೀಗೆ ಆಗುತ್ತಿದ್ದರೆ ಅದರಲ್ಲಿ ನಾಚಿಕೆಪಡುವಂತಹದು ಏನೂ ಇಲ್ಲ. ಮಲೇರಿಯ ಬಂದವನು ತಪ್ಪಿತಸ್ಥನಲ್ಲ, ನೀವೂ ಅಲ್ಲ. ಇಂದೇ ಅಮ್ಮನಿಗೆ ಹೇಳಿರಿ. ಅಮ್ಮನಿಗೆ ಹೇಳಲಾಗದಿದ್ದರೆ ನಮ್ಮಲ್ಲಿ ಯಾರಿಗಾದರೂ ಹೇಳಿರಿ. ಸ್ಟಾಫ್ ರೂಮಿನ ಬಾಗಿಲು ನಿಮಗಾಗಿ ಯಾವಾಗಲೂ ತೆರೆದೇ ಇರುತ್ತದೆ.